ಸವತಿಗೊಂದು ಕಂಬಳಿ

ಡಿಸೆಂಬರ್ ೪, ಸೋಮವಾರ

ಇಡೀ ದಿನ ಬೇರೆಯವರು ಬರೆದದ್ದನ್ನು ತಿದ್ದುವುದು ಪ್ರೆಸ್ಸಿನಲ್ಲಿ ನನ್ನ ಕೆಲಸ. ಯಾರೂ ತಿದ್ದಬೇಕಾಗಿಲ್ಲದ ನಾಲ್ಕು ಸಾಲು ಎಲ್ಲಾದರೂ ಇರಲಿ ಎಂದು ಇದನ್ನು ಶುರು ಮಾಡಿದ್ದೇನೆ.

ಅಕ್ಕನಿಗೆ ಇವತ್ತಿನಿಂದ ಕಿರಣ ಚಿಕಿತ್ಸೆ. ಎದೆಯ ಗಡ್ಡೆ ತೆಗೆದಾಗಿದೆ, ಗಾಯವೂ ಮಾಗಿದೆ. ಅದು ಮತ್ತೆ ತಲೆ ಎತ್ತದಿರಲಿ ಎಂದು ಈಗ ಈ ಕಿರಣ. ವಾರಕ್ಕೆ ಐದು ದಿನ, ಜನವರಿ ನಡುವಿನವರೆಗೆ. ಬೆಳಗಿನ ಮೊದಲ ಸರದಿಯನ್ನು ಕೇಳಿ ಪಡೆದವಳು ಅಕ್ಕನೇ. "ಬೇಗ ಮುಗಿಸ್ಕೊಂಡು ಬಂದ್ರೆ ಮನೆಗೆಲಸ ನೋಡ್ಕೋಬಹುದು" ಎಂದು ಡಾಕ್ಟರಿಗೆ ಹೇಳಿದಳು. ಡಾಕ್ಟರು ನನ್ನ ಮುಖ ನೋಡಿದರು. ನಾನು ಛಾವಣಿ ನೋಡಿದೆ. ಹಿಮ ಬೀಳುವ ಈ ಬೆಟ್ಟದೂರಿನ ಚಳಿಯಲ್ಲಿ ಮೊದಲ ಸರದಿ ಎಂದರೆ ನಕ್ಷತ್ರಗಳು ಮನೆಗೆ ಹೋಗುವ ಮೊದಲೇ ನಾವು ಮನೆ ಬಿಡಬೇಕು. ಆ ಹೊತ್ತಿಗೆ ಬಸ್ಸಿಲ್ಲ.

ಭಾವನ ಹಳೇ ಕಾರು ಇದೆ. ಮನೆಯ ಪಕ್ಕದ, ಗೋಡೆಯಿಲ್ಲದ ಶೆಡ್ಡಿನಲ್ಲಿ ನಿಂತಿರುತ್ತದೆ. ಭಾವ ಬದುಕಿದ್ದಾಗ ಚಳಿಗಾಲದ ಬೆಳಗುಗಳನ್ನೆಲ್ಲ ಅದರ ಸೇವೆಯಲ್ಲೇ ಕಳೆಯುತ್ತಿದ್ದರು. ಅದಕ್ಕೇ ಅಕ್ಕ ಅದಕ್ಕೆ ಸವತಿ ಎಂದು ಹೆಸರಿಟ್ಟಳು. "ಎಲ್ಲಿ ನಿಮ್ಮ ಭಾವ?" ಎಂದು ಅವಳೇ ಕೇಳಿ, "ಇನ್ನೆಲ್ಲಿ, ಸವತಿ ಹತ್ರ" ಎಂದು ಅವಳೇ ಉತ್ತರ ಹೇಳುವಳು. ಭಾವ ಹೋದ ಮೇಲೆ ನಾನು ಅದನ್ನು ಬೇಸಿಗೆಯಲ್ಲಿ ಮಾತ್ರ ಓಡಿಸಿದವನು. ಇವತ್ತು ಕೀಲಿ ತಿರುವಿದರೆ ಟಕ್ ಎಂದಿತು. ಮತ್ತೆ ತಿರುವಿದರೆ ಅದೂ ಇಲ್ಲ. ಬರುತ್ತೇನೆಂದ ಟ್ಯಾಕ್ಸಿಯವನು ಬರಲಿಲ್ಲ. ಇನ್ನೊಬ್ಬನನ್ನು ಕಾಡಿ ಬೇಡಿ ಕರೆಸಿ, ಸರದಿ ತಪ್ಪುವ ಹೊತ್ತಿಗೆ ಹೋಗಿ ಮುಟ್ಟಿದೆವು.

"ಒಂದು ದಿನಾನೂ ತಪ್ಪಿಸ್ಬೇಡಿ" ಎಂದು ಡಾಕ್ಟರು ನನ್ನನ್ನೇ ನೋಡಿ ಹೇಳಿದರು. "ಮಧ್ಯೆ ಬಿಟ್ರೆ ಇಷ್ಟು ದಿನ ಪಟ್ಟ ಕಷ್ಟ ಎಲ್ಲ ದಂಡ."

ಒಂದು ವಿಷಯ ಬರೆದಿಡಬೇಕು. ಪ್ರೆಸ್ಸಿಗೆ ಪುಸ್ತಕ ಕಟ್ಟಿಕೊಡುವ ಬೈಂಡರನ ಅಂಗಡಿಯ ಮೇಲೆ ಒಂದು ಕೋಣೆ ಖಾಲಿಯಿದೆ. ನಾನು ಅಲ್ಲಿಗೆ ಹೋಗುವುದೆಂದು ಮಳೆಗಾಲದಲ್ಲೇ ತೀರ್ಮಾನವಾಗಿತ್ತು. ಅಕ್ಕನಿಗೂ ಹೇಳಿದ್ದೆ. "ಹೋಗು, ಯಾರು ಹಿಡ್ಕೊಂಡಿದಾರೆ" ಎಂದಿದ್ದಳು. ಅರವತ್ತು ದಾಟಿದ ಗಂಡಸು ಎಷ್ಟು ಸಲ ಕೆಮ್ಮಿದ, ಯಾವ ಅಂಗಿ ಹಾಕಿಕೊಂಡ ಎಂದು ದಿನಾ ಅಕ್ಕನಿಗೆ ಲೆಕ್ಕ ಒಪ್ಪಿಸುತ್ತ ಬದುಕುವುದು ಸಾಧ್ಯವಿಲ್ಲ. ಅಷ್ಟರಲ್ಲಿ ಗಡ್ಡೆ ಕಾಣಿಸಿತು. ಆಗಲಿ, ಚಳಿ ಕಳೆದ ಮೇಲೆ ಹೋಗುತ್ತೇನೆ.

ಡಿಸೆಂಬರ್ ೫, ಮಂಗಳವಾರ

ನೆರೆಯವರ ಕಾರಿನಲ್ಲಿ ಆಸ್ಪತ್ರೆಗೆ ಹೋಗಿ ಬಂದೆವು. ದಿನಾ ಕೇಳುವುದಕ್ಕಾಗುತ್ತದೆಯೇ.

ಮಧ್ಯಾಹ್ನ ಮೆಕ್ಯಾನಿಕ್ ಬಂದ. ಬ್ಯಾಟರಿಯ ತುದಿಗಳಿಗೆ ಬಿಳಿ ಪುಡಿ ಕಟ್ಟಿಕೊಂಡದ್ದನ್ನು ತೋರಿಸಿ, "ಚಳಿ ಬಂದ್ರೆ ಬ್ಯಾಟರಿಗೆ ಅರ್ಧ ಜೀವ ಹೋಗುತ್ತೆ. ಇದಕ್ಕಂತೂ ಪೂರ್ತಿ ಹೋಗಿದೆ" ಎಂದ. ಹೊಸದು ಹಾಕಿದ. ರೇಡಿಯೇಟರಿಗೆ ಹೆಪ್ಪುಗಟ್ಟದ ದ್ರಾವಣ ತುಂಬಿದ. ಚಕ್ರಗಳ ಗಾಳಿ ನೋಡಿದ. ಬಾಗಿಲಿನ ರಬ್ಬರಿಗೆ ವ್ಯಾಸಲೀನ್ ಸವರಲು ಹೇಳಿದ, ಇಲ್ಲದಿದ್ದರೆ ರಾತ್ರಿ ಅಂಟಿಕೊಂಡು ಬೆಳಗ್ಗೆ ಬಾಗಿಲೇ ತೆರೆದುಕೊಳ್ಳುವುದಿಲ್ಲವಂತೆ. ಆಮೇಲೆ ನನ್ನನ್ನು ಸೀಟಿನಲ್ಲಿ ಕೂರಿಸಿ ಪಾಠ ಹೇಳಿದ. ದೀಪ, ಹೀಟರು ಎಲ್ಲ ಆರಿಸಿರಬೇಕು. ತಣ್ಣಗಿನ ಇಂಜಿನ್ನಿಗೆ ಹೆಚ್ಚು ಪೆಟ್ರೋಲು ಬಿಡುವ ಚೋಕ್ ಗುಂಡಿಯನ್ನು ಪೂರ್ತಿ ಎಳೆಯಬೇಕು, ಕ್ಲಚ್ ತುಳಿದು ಕೀಲಿ ತಿರುವಬೇಕು. ಹಿಡಿಯದಿದ್ದರೆ ಬಿಟ್ಟು, ಸ್ವಲ್ಪ ಸುಧಾರಿಸಿಕೊಳ್ಳಲು ಕೊಟ್ಟು, ಮತ್ತೆ.

"ಸ್ಟಾರ್ಟ್ ಆದ್ಮೇಲೆ ಆಕ್ಸಿಲರೇಟರ್ ಒತ್ತಿ ಕಿರುಚಿಸ್ಬೇಡಿ. ಸ್ವಲ್ಪ ಹೊತ್ತು ಬಿಟ್ಟು ಮೆಲ್ಲಗೆ ಓಡ್ಸಿ. ಓಡ್ತಾ ಓಡ್ತಾನೇ ಬಿಸಿಯಾಗುತ್ತೆ. ಈಗ ತಾನೇ ಎದ್ದವ್ರನ್ನ ಓಡು ಅಂದ್ರೆ ಓಡ್ತಾರಾ?"

ಒಳ್ಳೆಯ ಮನುಷ್ಯ. ಊಟದ ಹೊತ್ತು ಮೀರಿದರೂ ನನ್ನಿಂದ ಮೂರು ಸಲ ಸ್ಟಾರ್ಟ್ ಮಾಡಿಸಿ ನೋಡಿಯೇ ಹೋದ. ಅಕ್ಕ ಕಿಟಕಿಯಿಂದ ಎಲ್ಲ ನೋಡುತ್ತಿದ್ದಳು. "ನಿಮ್ಮ ಭಾವ ಚೋಕ್ ಅಷ್ಟು ಎಳೀತಿರ್ಲಿಲ್ಲ" ಎಂದಳು. ಅವಳಿಗೆ ಕಾರು ಓಡಿಸಲು ಬರುವುದಿಲ್ಲ.

ಡಿಸೆಂಬರ್ ೮, ಶುಕ್ರವಾರ

ಚಳಿ ಎಂದರೆ ಚಳಿ. ಮುಂದಿನ ಗಾಜಿನ ಮೇಲೆ ಮಂಜು ಕಲ್ಲಾಗಿ ಕೂತಿತ್ತು. ಬಕೆಟ್ಟಿನಲ್ಲಿ ಬಿಸಿನೀರು ತಂದೆ. ಎರೆಯುವುದರಲ್ಲಿದ್ದೆ. ಕಿಟಕಿ ಧಡಾರನೆ ತೆಗೆದು, "ಬೇಡ್ವೋ! ಗಾಜು ಸೀಳಿ ಹೋಗುತ್ತೆ!" ಎಂದು ಅಕ್ಕ ಕೂಗಿದ ಕೂಗಿಗೆ ಬೀದಿಯೇ ಎದ್ದಿರಬೇಕು. ಕೊನೆಗೆ ಪ್ರೆಸ್ಸಿನ ಪ್ಲಾಸ್ಟಿಕ್ ಸ್ಕೇಲಿನಿಂದ ಕೆರೆದು ತೆಗೆದೆ. ಇಷ್ಟು ವರ್ಷ ಸಾಲಿನ ಕೆಳಗೆ ಹಿಡಿದು ಓದಿದ ಸ್ಕೇಲು, ಈಗಲಾದರೂ ಅದಕ್ಕೊಂದು ಗಂಡಸ್ತನದ ಕೆಲಸ ಸಿಕ್ಕಿತು.

ಇಂಜಿನ್ ನಾಲ್ಕು ಸಲ ಕೆಮ್ಮಿ ಹೊತ್ತಿಕೊಂಡಿತು. ನಾನು ಅದಕ್ಕಿಂತ ಹೆಚ್ಚು ಕೆಮ್ಮಿದೆ.

ಅಕ್ಕ ಹಿಂದಿನ ಸೀಟಿನಲ್ಲಿ ಕೂರುತ್ತಾಳೆ, ಕೈಚೀಲ ಮಡಿಲಲ್ಲಿಟ್ಟುಕೊಂಡು. ನಾನೇನು ಇವಳ ಡ್ರೈವರೇ? ಕೇಳಲಿಲ್ಲ. ಕೇಳಿದ್ದರೆ ಹೌದು ಎನ್ನುತ್ತಿದ್ದಳು.

ಡಿಸೆಂಬರ್ ೧೪, ಗುರುವಾರ

ಬರೆಯಲೇಬೇಕು: ಈ ವಾರ ಪೂರ್ತಿ ಕಾರು ಮೊದಲ ತಿರುವಿಗೇ ಸ್ಟಾರ್ಟ್ ಆಗುತ್ತಿದೆ! ಚಳಿಯೇನೂ ಕಡಿಮೆಯಾಗಿಲ್ಲ. ಎಲ್ಲ ಕೈಗುಣ. ಚೋಕನ್ನು ಎಷ್ಟು ಎಳೆಯಬೇಕು ಎನ್ನುವುದು ನನ್ನ ಬೆರಳಿಗೆ ಗೊತ್ತಾಗಿಬಿಟ್ಟಿದೆ. ಪ್ರೆಸ್ಸಿನಲ್ಲಿ ಬೈಂಡರನ ಮುಂದೆ ಸ್ವಲ್ಪ ಜಂಬ ಕೊಚ್ಚಿಕೊಂಡೆ. ಆಸ್ಪತ್ರೆಯಿಂದ ಅಕ್ಕನನ್ನು ಮನೆಗೆ ಬಿಟ್ಟು ನಾನು ಈಗ ಕಾರಿನಲ್ಲೇ ಕೆಲಸಕ್ಕೆ ಹೋಗುವುದು. ಸಂಜೆ ಕಾರಿನಲ್ಲೇ ಬರುವುದು.

ಬೆಳಗ್ಗೆ ನನ್ನ ತೋಳಿಗೆ ಬೂದು ಬಣ್ಣದ ಉಣ್ಣೆಯ ಎಳೆ ಅಂಟಿತ್ತು. ನನ್ನ ಸ್ವೆಟರು ನೀಲಿ. ಎಲ್ಲಿಂದ ಬಂತೋ.

ಅಕ್ಕನಿಗೆ ಬೈಯಬೇಕಾಯಿತು. ಬಾಗಿಲ ಬಳಿ ಅವಳ ಚಪ್ಪಲಿ ಒದ್ದೆಯಾಗಿತ್ತು. "ಇಷ್ಟು ಬೆಳಗ್ಗೆ ಅಂಗಳಕ್ಕೆ ಯಾಕೆ ಹೋಗಿದ್ದೆ?" ಎಂದರೆ, "ನಮ್ಮನೆ ಅಂಗಳ, ನನ್ನ ಕಾಲು" ಎಂದಳು. ಇಂಥವಳ ಹತ್ತಿರ ಏನು ಮಾತಾಡುವುದು. ಭಾವನ ಬೂದು ಕಂಬಳಿಯನ್ನು ಅವಳ ಕಾಲಿಗೆ ಹೊದಿಸೋಣವೆಂದು ಹುಡುಕಿದೆ. ಪೆಟ್ಟಿಗೆಯಲ್ಲಿ ಇರಲಿಲ್ಲ. ಒಗೆಯಲು ಹಾಕಿದ್ದಾಳಂತೆ. ಈ ಚಳಿಯಲ್ಲಿ ಯಾರಾದರೂ ಕಂಬಳಿ ಒಗೆಯುತ್ತಾರೆಯೇ?

ಡಿಸೆಂಬರ್ ೧೯, ಮಂಗಳವಾರ

ಆಸ್ಪತ್ರೆಯ ಕಾಯುವ ಕೋಣೆಯಲ್ಲಿ ಒಂದು ಹೀಟರು ಇದೆ. ಅದರ ಪಕ್ಕದ ಕುರ್ಚಿಯನ್ನು ಮೊದಲ ಸರದಿಯವರಿಗೆಂದು ನರ್ಸಮ್ಮ ಕಾದಿಡುತ್ತಾರೆ. ನಾನು ಬಂದ ಕೂಡಲೇ ನನ್ನ ಕೈಗವಸನ್ನು ಕಿತ್ತುಕೊಂಡು ಹೀಟರಿನ ಮೇಲಿಡುತ್ತಾರೆ. ಹಿಂದಿರುಗುವಾಗ ಬೆಚ್ಚಗಿನ ಕೈಗವಸು. ಇಷ್ಟು ಚಿಕ್ಕ ಉಪಕಾರಕ್ಕೆ ಇಷ್ಟು ದೊಡ್ಡ ಖುಷಿಯಾಗುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಅವರಿಗೆ ಹೇಳಿಯೂ ಬಿಟ್ಟೆ. "ಅಯ್ಯೋ ಅದಕ್ಕೇನು ಬಿಡಿ ಸಾರ್, ನಿಮ್ಮ ಅಕ್ಕನೇ ಹೇಳಿದ್ದು, ಇವನ ಕೈ ಬೇಗ ಮರಗಟ್ಟುತ್ತೆ ಅಂತ" ಎಂದರು.

ಅಕ್ಕನ ಎದೆಯ ಚರ್ಮ ಕೆಂಪಾಗಿ ಉರಿಯುತ್ತಿದೆಯಂತೆ. ನನಗೆ ಹೇಳಲಿಲ್ಲ. ನರ್ಸಮ್ಮ ಹೇಳಿದರು.

ಡಿಸೆಂಬರ್ ೨೮, ಗುರುವಾರ

ಅಕ್ಕ ಊಟ ಬಿಟ್ಟಿದ್ದಾಳೆ. ಗಂಜಿ ಮಾಡಿಕೊಟ್ಟರೆ ಚಮಚದಲ್ಲಿ ತಿರುವುತ್ತ ಕೂರುತ್ತಾಳೆ. ನನ್ನ ಅಡುಗೆಯೂ ಅಂಥದ್ದೇ, ಆದರೆ ಮೊದಲು ಬೈಯುತ್ತ ಬೈಯುತ್ತಲಾದರೂ ತಿನ್ನುತ್ತಿದ್ದಳು. ಈಗ ಬೈಗುಳವೂ ಇಲ್ಲ. ಬೈಗುಳ ಇಲ್ಲದ ಮನೆ ನನಗೆ ಹಿಡಿಸುತ್ತಿಲ್ಲ.

ಬರುವಾಗ ಹಿಂದಿನ ಸೀಟಿನಿಂದ ಕೇಳಿದಳು: "ಆ ಬೈಂಡರ್ ಕೋಣೆಗೆ ಕಿಟಕಿ ಇದೆಯೇನೋ?"

"ಒಂದಿದೆ."

"ಯಾವ ಕಡೆಗೆ?"

"ಗೋಡೆ ಕಡೆಗೆ."

ಮನೆ ಮುಟ್ಟಿ ಇಳಿಯುವಾಗ, "ದಪ್ಪ ಪರದೆ ಹೊಲಿಸ್ಕೋ, ಗಾಳಿ ನುಗ್ಗುತ್ತೆ" ಎಂದಳು.

ಜನವರಿ ೩, ಬುಧವಾರ

ಹಿಮ. ಕಾರು ಸ್ಟಾರ್ಟ್ ಆಯಿತು. ಅಕ್ಕ ಏನೂ ತಿನ್ನಲಿಲ್ಲ.

ಜನವರಿ ೮, ಸೋಮವಾರ

ಹೋದ ಗುರುವಾರ, ಶುಕ್ರವಾರ ಆಸ್ಪತ್ರೆಯ ಯಂತ್ರ ಕೆಟ್ಟಿತ್ತು. ಇವತ್ತು ಡಾಕ್ಟರು ನನ್ನನ್ನು ಬದಿಗೆ ಕರೆದು, "ಈಗಾಗ್ಲೇ ನಮ್ಮಿಂದ ಎರಡು ದಿನ ತಪ್ಪಿದೆ. ಇನ್ನು ನಿಮ್ಮಿಂದ ತಪ್ಪದ ಹಾಗೆ ನೋಡ್ಕೊಳ್ಳಿ" ಎಂದರು.

ಸಂಜೆ ಮನೆಗೆ ಬಂದರೆ ಅಕ್ಕ ಗೋಡೆಯ ಕಡೆ ತಿರುಗಿ ಮಲಗಿದವಳು, "ಸಾಕು ಕಣೋ" ಎಂದಳು. ಏನು ಸಾಕು ಎಂದೆ. "ಇದೆಲ್ಲ. ಆ ಉರಿ, ಆ ಚಳಿ, ನೀನು ಕತ್ತೆ ಹಾಗೆ ದುಡಿಯೋದು. ಯಾರಿಗೋಸ್ಕರ ಇಷ್ಟೆಲ್ಲ?"

ನಾಳೆ ಬೆಳಗ್ಗೆ ಎದ್ದು ರೆಡಿಯಾಗು ಎಂದಷ್ಟೇ ಹೇಳಿದೆ. ಭಯವಾಗುತ್ತಿದೆ. ಅವಳು ಒಮ್ಮೆ ಸಾಕು ಎಂದರೆ ಭಾವನಿಂದಲೂ ತಿದ್ದಲಾಗುತ್ತಿರಲಿಲ್ಲ.

ಜನವರಿ ೯, ಮಂಗಳವಾರ

ಇವತ್ತಿನದನ್ನು ಸಾವಕಾಶವಾಗಿ ಬರೆಯುತ್ತೇನೆ.

ಬೆಳಗ್ಗೆ ಎದ್ದಾಗ ಅಕ್ಕನ ಕೋಣೆಯಲ್ಲಿ ದೀಪವಿರಲಿಲ್ಲ. ದಿನಾ ನನಗಿಂತ ಮೊದಲು ಎದ್ದಿರುವವಳು. ಇನ್ನೊಂದು ಗಳಿಗೆ ಮಲಗಿರಲಿ, ಅಷ್ಟರಲ್ಲಿ ಕಾರು ಬಿಸಿಯಾಗಲಿ ಎಂದು ಶೆಡ್ಡಿಗೆ ಹೋದೆ. ಚೋಕ್ ಎಳೆದೆ, ಕೀಲಿ ತಿರುವಿದೆ. ಮೊದಲ ತಿರುವಿಗೇ ಹಿಡಿಯಿತು. ಶಹಭಾಸ್ ಎಂದುಕೊಳ್ಳುವಷ್ಟರಲ್ಲಿ ಬಾನೆಟ್ಟಿನ ಒಳಗಿಂದ ನಾಯಿ ಬಟ್ಟೆ ಕಚ್ಚಿ ಒದರಿದಂಥ ಸದ್ದು, ಚಟ್ ಎಂದು ಏನೋ ಹರಿದದ್ದು, ಸುಟ್ಟ ರಬ್ಬರಿನ ವಾಸನೆ. ಕೀಲಿ ಕಿತ್ತು, ಬಾನೆಟ್ ಎತ್ತಿದೆ.

ಫ್ಯಾನಿನ ಸುತ್ತ ಒಂದು ಕಂಬಳಿ ಹಗ್ಗದಂತೆ ಸುತ್ತಿಕೊಂಡಿತ್ತು. ಬೆಲ್ಟು ತುಂಡಾಗಿ ಜೋತಾಡುತ್ತಿತ್ತು. ಯಾವನೋ ಕಿಡಿಗೇಡಿಯ ಕೆಲಸ ಎಂದು ಮೈಯೆಲ್ಲ ಉರಿಯಿತು. ಆಮೇಲೆ ಕಂಬಳಿಯ ಮೂಲೆ ಕಂಡಿತು. ಅಲ್ಲಿ ಹಸಿರು ದಾರದ ಹೊಲಿಗೆ. ಅದು ಅಕ್ಕನ ಕೈಹೊಲಿಗೆ. ಅದು ಭಾವನ ಬೂದು ಕಂಬಳಿ.

ಒಳಗೆ ಓಡಿದೆ. ಅಕ್ಕ ಮಂಚದ ಅಂಚಿನಲ್ಲಿ ಸ್ವೆಟರಿಗೆ ಒಂದು ತೋಳು ತೂರಿಸಿಕೊಂಡು ಕೂತಿದ್ದಳು. "ಕಂಬಳಿ ತೆಗೆದ್ಯಾ?" ಎಂದಳು.

"ಇಂಜಿನ್ ಒಳಗೆ ಯಾರಾದ್ರೂ ಕಂಬಳಿ ಹೊದಿಸ್ತಾರಾ? ತಲೆ ಕೆಟ್ಟಿದ್ಯಾ ನಿಂಗೆ?" ಎಂದು ಕೂಗಿದೆ. ಜನ್ಮದಲ್ಲಿ ಅವಳ ಮೇಲೆ ಹಾಗೆ ಕೂಗಿರಲಿಲ್ಲ.

"ನಿಮ್ಮ ಭಾವ ಹೊದಿಸ್ತಿದ್ರು. ಸಂಜೆ ಇಂಜಿನ್ ಬಿಸಿ ಇರುವಾಗ್ಲೇ ಹೊದಿಸಿ ಬೆಳಗ್ಗೆ ತೆಗೀತಿದ್ರು. ನಾನೂ ದಿನಾ ನೀನು ಏಳೋಕ್ಕೆ ಮುಂಚೆ ಹೋಗಿ ತೆಗೀತಿದ್ದೆ. ಇವತ್ತು ಮೈ ಏಳ್ಲಿಲ್ಲ ಕಣೋ."

"ದಿನಾನಾ? ಯಾಕೆ?"

"ನೀನು ಆ ಚಳೀಲಿ ನಿಂತು ಕೆಮ್ಮೋದು ಇಲ್ಲಿಗೆ ಕೇಳುತ್ತೆ. ಬೇಗ ಸ್ಟಾರ್ಟ್ ಆದ್ರೆ ಬೇಗ ಒಳಗೆ ಕೂರ್ತೀಯಲ್ಲ."

ಕೈಗುಣ ಎಂದು ನಾನು ಬೀಗುತ್ತಿದ್ದದ್ದು ಇದಕ್ಕೆ. ನಾನು ಬಾಯಿ ತೆಗೆಯುವ ಮೊದಲೇ ಅವಳು ಸ್ವೆಟರಿನಿಂದ ತೋಳನ್ನು ಹೊರಗೆಳೆದುಕೊಂಡಳು. "ಹೋಗ್ಲಿ ಬಿಡು. ಇವತ್ತು ಬೇಡ, ಇನ್ಮೇಲೂ ಬೇಡ. ಸವತೀನೇ ಸಾಕು ಅಂದ್ಮೇಲೆ ಇನ್ನೇನು."

ಬೀದಿಗೆ ಓಡಿದೆ. ನೆರೆಯವರ ಕಾರು ಇರಲಿಲ್ಲ. ಒಂದು ನರಪಿಳ್ಳೆಯೂ ಇಲ್ಲ. ದೂರದಿಂದ ಎರಡು ದೀಪ ಬಂದವು. ನಡುಬೀದಿಯಲ್ಲಿ ಎರಡೂ ಕೈ ಎತ್ತಿ ನಿಂತೆ. ಅಂಗಡಿಗಳಿಗೆ ಬ್ರೆಡ್ ಹಾಕುವ ವ್ಯಾನು. ದಿನಾ ನಾವು ಹೊರಡುವಾಗ ಎದುರಾಗುತ್ತಿತ್ತು. ಒಂದು ದಿನವೂ ಆ ಮನುಷ್ಯನಿಗೆ ನಾನು ಕೈ ಬೀಸಿದವನಲ್ಲ.

"ಏನಾಯ್ತು ಯಜಮಾನ್ರೇ?"

"ಕಾರು ಕೆಟ್ಟಿದೆ. ಅಕ್ಕನ್ನ ಆಸ್ಪತ್ರೆಗೆ ಕರ್ಕೊಂಡು ಹೋಗ್ಬೇಕು. ಅವಳು ಬರಲ್ಲ ಅಂತಾಳೆ."

ಅವನು ಇಂಜಿನ್ ಆರಿಸದೆ ಇಳಿದು, ಸೀದಾ ಬಾಗಿಲಿಗೆ ಹೋಗಿ ಒಳಗೆ ಕತ್ತು ಹಾಕಿದ. "ಅಮ್ಮಾ, ಬ್ರೆಡ್ ಆರಿ ಹೋದ್ರೆ ಅಂಗಡಿಯವ್ರು ನನಗೆ ಬೈತಾರೆ. ಬೇಗ ಬನ್ನಿ."

ಅವನು ಸಮಾಧಾನ ಹೇಳಿದ್ದರೆ ಅಕ್ಕ ಅಲುಗುತ್ತಿರಲಿಲ್ಲ. ತನ್ನಿಂದ ಇನ್ನೊಬ್ಬರ ಕೆಲಸ ಕೆಡುವುದನ್ನು ಅವಳು ಎಂದೂ ಸಹಿಸಿದವಳಲ್ಲ. "ಮೊದ್ಲೇ ಹೇಳ್ಬಾರ್ದಾ" ಎಂದು ನನ್ನನ್ನೇ ಗದರುತ್ತ ಎದ್ದಳು.

ವ್ಯಾನಿಗೆ ಮುಂದೆ ಒಂದೇ ಉದ್ದ ಸೀಟು. ಮೂವರೂ ಒತ್ತಿಕೊಂಡು ಕೂತೆವು, ನಡುವೆ ಅಕ್ಕ. ಹಿಂದಿನಿಂದ ಬಿಸಿ ಬ್ರೆಡ್ಡಿನ ವಾಸನೆ ಕುತ್ತಿಗೆಯ ಮೇಲೆ ಉಸಿರಾಡುತ್ತಿತ್ತು. ಎರಡು ತಿರುವು ದಾಟಿದ ಮೇಲೆ ಅಕ್ಕ, "ಅದೇನಪ್ಪ, ಬನ್ನೂ ಇದೆಯಾ?" ಎಂದಳು. ಅವನು ಒಂದು ಕೈ ಹಿಂದಕ್ಕೆ ಚಾಚಿ ಒಂದು ಬನ್ನು ತೆಗೆದುಕೊಟ್ಟ. ಅಕ್ಕ ಅದನ್ನು ಮುರಿದಳು, ಹಬೆ ಎದ್ದಿತು. ಚೂರು ಚೂರಾಗಿ ಪೂರ್ತಿ ತಿಂದಳು. ಮಡಿಲಲ್ಲಿ ಬಿದ್ದ ಪುಡಿಯನ್ನೂ ಬೆರಳಿಗೆ ಅಂಟಿಸಿಕೊಂಡು ತಿಂದಳು.

ನನಗೆ ಅಳು ಬಂತು. ಕನ್ನಡಕಕ್ಕೆ ಮಂಜು ಕಟ್ಟಿತೆಂದು ಒರೆಸಿಕೊಂಡೆ. ಇಲ್ಲಿ ಬರೆಯಲು ನನಗೇನೂ ನಾಚಿಕೆಯಿಲ್ಲ. ಆ ಬ್ರೆಡ್ ವ್ಯಾನಿನವನ ಮನೆಯಲ್ಲಿ ಎಲ್ಲರೂ ತಣ್ಣಗಿರಲಿ.

ತಡವಾಗಿಯೇ ಹೋದೆವು. ನರ್ಸಮ್ಮ ಎರಡನೆಯ ಸರದಿಯವರನ್ನು ಮೊದಲು ಕಳಿಸಿ, ಅಕ್ಕನ ಜಾಗ ಉಳಿಸಿಟ್ಟಿದ್ದರು.

ಜನವರಿ ೧೧, ಗುರುವಾರ

ನಿನ್ನೆ ಬೆಳಗ್ಗೆಯೂ ಬ್ರೆಡ್ ವ್ಯಾನು ತಾನಾಗಿಯೇ ಬಂದು ಬಾಗಿಲಲ್ಲಿ ನಿಂತಿತು. ಮಧ್ಯಾಹ್ನ ಮೆಕ್ಯಾನಿಕ್ ಹೊಸ ಬೆಲ್ಟು ಹಾಕಿದ. ಕಂಬಳಿ ಕಥೆ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕ. "ಹೊದಿಸಿ ಬೇಕಾದ್ರೆ, ಆದ್ರೆ ಬಾನೆಟ್ ಮೇಲೆ. ಕಣ್ಣಿಗೆ ಕಾಣೋ ಹಾಗೆ" ಎಂದ. ಮುಂದಿನ ಚಳಿಗಾಲಕ್ಕೆ ಈ ಚಕ್ರಗಳು ಸಾಲುತ್ತವೆಯೇ ಎಂದು ಕೇಳಿದೆ. ಹಿಮಕ್ಕೆಂದೇ ಬೇರೆ ಟಯರು ಬರುತ್ತದಂತೆ, ಬೇಸಿಗೆಯಲ್ಲೇ ಹೇಳಿಟ್ಟರೆ ಒಳ್ಳೆಯದಂತೆ. ಹೇಳಿಟ್ಟೆ.

ಕಂಬಳಿ ಬಿಡಿಸಿ, ಹರಿದಲ್ಲಿ ಹೊಲಿದೆ. ಹಸಿರು ದಾರ ಸಿಗಲಿಲ್ಲ. ಪ್ರೆಸ್ಸಿನ ಬೈಂಡಿಂಗ್ ದಾರದಲ್ಲಿ ಹೊಲಿದೆ. ಅದು ಪುಸ್ತಕವನ್ನೇ ಬಿಡುವುದಿಲ್ಲ, ಕಂಬಳಿಯನ್ನು ಬಿಟ್ಟೀತೇ.

ಹೊಲಿಯುತ್ತ ನೆನಪಾಯಿತು. ಅಮ್ಮ ಹೋದ ಮೇಲೆ ನನ್ನನ್ನು ಶಾಲೆಗೆ ಹೊರಡಿಸುತ್ತಿದ್ದವಳು ಅಕ್ಕ. ಚಳಿಗಾಲದಲ್ಲಿ ನನ್ನ ಬೂಟುಗಳನ್ನು ತನ್ನ ಹೊದಿಕೆಯೊಳಗೆ ಇಟ್ಟುಕೊಂಡು ಮಲಗುತ್ತಿದ್ದಳು, ಬೆಳಗ್ಗೆ ನನ್ನ ಕಾಲಿಗೆ ಬೆಚ್ಚಗಿರಲಿ ಎಂದು. ಬೂಟು ತಾನಾಗಿಯೇ ಬೆಚ್ಚಗಿರುತ್ತದೆ ಎಂದೇ ನಾನು ಬಹಳ ದಿನ ತಿಳಿದಿದ್ದೆ. ಅವಳಿಗೆ ಇದನ್ನು ಹೇಳಿದೆ. ನಿನ್ನ ಋಣ ದೊಡ್ಡದು ಅಕ್ಕ, ಎಂದೂ ಹೇಳಿದೆ. "ಸೂಜಿ ನೋಡ್ಕೊಂಡು ಹೊಲಿ, ಬೆರಳು ಚುಚ್ಕೋತೀಯ" ಎಂದಳು. ಸಂಜೆ ಗಂಜಿಗೆ ಉಪ್ಪು ಕಡಿಮೆ ಎಂದು ಬೈದಳು. ಹೊಟ್ಟೆಗೆ ಹಾಲು ಹೊಯ್ದ ಹಾಗಾಯಿತು.

ಇವತ್ತು ಬೆಳಗ್ಗೆ ಮುಂದಿನ ಬಾಗಿಲು ತೆಗೆದು ಕೂತಳು. ಹಿಂದೆ ಕೂತರೆ ಹೀಟರು ತಾಕುವುದಿಲ್ಲವಂತೆ.

ಜನವರಿ ೧೮, ಗುರುವಾರ

ಮುಗಿಯಿತು! ಕೊನೆಯ ಕಿರಣವೂ ಆಯಿತು. ಡಾಕ್ಟರು ಅಕ್ಕನ ಕೈ ಕುಲುಕಿದರು, ಆಮೇಲೆ ನನ್ನದನ್ನೂ. ಇನ್ನು ಮೂರು ತಿಂಗಳಿಗೊಮ್ಮೆ ತೋರಿಸಿದರೆ ಸಾಕಂತೆ. ನರ್ಸಮ್ಮ ನನ್ನ ಕೈಗವಸನ್ನು ಕೊನೆಯ ಸಲ ಬಿಸಿ ಮಾಡಿ ಕೊಟ್ಟರು.

ಪ್ರೆಸ್ಸಿನಲ್ಲಿ ಬೈಂಡರ್ ಕೇಳಿದ, "ಚಳಿ ಕಳೀತಾ ಬಂತಲ್ಲ ಸಾರ್, ಕೋಣೆ ಸುಣ್ಣ ಬಳಿಸ್ಲಾ?" ಹೋಗಿ ನೋಡಿದೆ. ಕೋಣೆಯೇನೋ ಚೆನ್ನಾಗಿದೆ. ಆದರೆ ಆ ಓಣಿಯಲ್ಲಿ ಎರಡು ಸೈಕಲ್ ಎದುರಾದರೆ ಒಂದು ಇಳಿಯಬೇಕು. ಕಾರು ನಿಲ್ಲಿಸುವುದೆಲ್ಲಿ? ಬೀದಿಯಲ್ಲಿ ಬಿಟ್ಟರೆ ಬ್ಯಾಟರಿ ಒಂದೇ ವಾರಕ್ಕೆ ಸತ್ತುಹೋಗುತ್ತದೆ. ಬೇರೆ ಯಾರಿಗಾದರೂ ಕೊಡಪ್ಪ ಎಂದುಬಿಟ್ಟೆ. ಪಾಪ, ಒಳ್ಳೆಯ ಕೋಣೆ. ಮೊದಲೇ ಓಣಿಯನ್ನು ನೋಡಬೇಕಿತ್ತು.

ಜನವರಿ ೧೯, ಶುಕ್ರವಾರ

ಇವತ್ತು ಎಲ್ಲಿಗೂ ಹೋಗಬೇಕಾಗಿರಲಿಲ್ಲ. ಆದರೂ ಅದೇ ಹೊತ್ತಿಗೆ ಎಚ್ಚರವಾಯಿತು. ನಿಲ್ಲಿಸಿಯೇ ಇಟ್ಟರೆ ಬ್ಯಾಟರಿಗೆ ಒಳ್ಳೆಯದಲ್ಲ ಎಂದು ಎದ್ದು ಹೋದೆ. ಬಾನೆಟ್ಟಿನ ಮೇಲಿನ ಕಂಬಳಿ ಕೊಡವಿ ಮಡಿಸಿದೆ, ಗಾಜು ಕೆರೆದೆ, ಚೋಕ್ ಎಳೆದೆ. ಎರಡನೆಯ ತಿರುವಿಗೆ ಹಿಡಿಯಿತು. ಬಾಗಿಲು ತೆರೆಯಿತು. ಅಕ್ಕ ಕೈಚೀಲ ಹಿಡಿದುಕೊಂಡು ಬಂದು ಮುಂದಿನ ಸೀಟಿನಲ್ಲಿ ಕೂತಳು.

"ಎಲ್ಲಿಗೆ ಹೊರಟೆ?" ಎಂದೆ. "ಚಿಕಿತ್ಸೆ ಮುಗೀತಲ್ಲ."

"ಅದು ನಂಗೂ ಗೊತ್ತು. ಆ ಬ್ರೆಡ್ ವ್ಯಾನಿನವನ ಬೇಕರಿ ಎಲ್ಲಿದೆ ಅಂತ ಕೇಳಿಟ್ಕೊಂಡಿದೀನಿ. ಬಿಸಿ ಬನ್ನು ತಿನ್ನೋಣ ನಡಿ."

ಇಂಜಿನ್ ಬಿಸಿಯಾಗಲೆಂದು ಸುಮ್ಮನೆ ಕೂತೆವು. ಹೀಟರಿನಿಂದ ಮೊದಲು ತಣ್ಣನೆಯ ಗಾಳಿ ಬಂತು, ಆಮೇಲೆ ಸ್ವಲ್ಪ ಸ್ವಲ್ಪವೇ ಬೆಚ್ಚಗಿನದು. ಅಕ್ಕ ಎದುರಿನ ಗಾಜನ್ನೇ ನೋಡುತ್ತ ಕೇಳಿದಳು:

"ಆ ಕೋಣೆಗೆ ಯಾವತ್ತು ಹೋಗ್ತೀಯ?"

"ಇಲ್ಲ ಅಂದ್ಬಿಟ್ಟೆ. ಅಲ್ಲಿ ಕಾರು ನಿಲ್ಲಿಸೋಕ್ಕೆ ಜಾಗ ಇಲ್ಲ."

ಅಕ್ಕ ಕೈಚೀಲದ ಹಿಡಿಯನ್ನು ಬೆರಳಿಗೆ ಸುತ್ತಿದಳು, ಬಿಡಿಸಿದಳು, ಮತ್ತೆ ಸುತ್ತಿದಳು. ಆಮೇಲೆ ಕೈ ಚಾಚಿ, ಸ್ಟೀರಿಂಗಿನ ಪಕ್ಕದ ಹಲಗೆಯನ್ನು ಎರಡು ಸಲ ಮೆಲ್ಲಗೆ ತಟ್ಟಿದಳು.

"ಇಷ್ಟು ವರ್ಷಕ್ಕೆ ಸವತಿಯಿಂದ ಒಂದು ಉಪಕಾರ ಆಯ್ತು ನೋಡು" ಎಂದಳು.

ಚೋಕ್ ಒಳಗೆ ತಳ್ಳಿ, ಗೇರು ಹಾಕಿ, ಮೆಲ್ಲಗೆ ಹೊರಟೆ.